ಸೌತೆಕಾಯಿಗೆ ಸೂಜಿ ಚುಚ್ಚಿದರೆ ಕೀಟನಾಶಕ ಗೊತ್ತಾಗುತ್ತದಾ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿ ಇದ್ದೇವೆ. ಎರಡು ವರ್ಷದ ಮಗಳಿದ್ದಾಳೆ. ತರಕಾರಿಗೆ ಔಷಧಿ ಹೊಡೆಯುವ ಸುದ್ದಿ ಓದಿ ಓದಿ ಹೆದರಿಕೆಯಾಗಿ, ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಒಂದು ಟೆಸ್ಟರ್ ತರಿಸಿದೆ. ಪೆನ್ನಿನ ಹಾಗಿದೆ, ತುದಿಯಲ್ಲಿ ಸೂಜಿ. ಚುಚ್ಚಿದರೆ ಹತ್ತು ಸೆಕೆಂಡಿನಲ್ಲಿ ಹಸಿರು, ಹಳದಿ ಇಲ್ಲವೇ ಕೆಂಪು ದೀಪ ಬರುತ್ತದೆ. ನಮ್ಮ ತಾರಸಿಯಲ್ಲಿ ಬರೀ ಗೊಬ್ಬರ ಹಾಕಿ ಬೆಳೆದ ಸೌತೆಕಾಯಿಗೆ ಕೆಂಪು ತೋರಿಸಿತು. ಮಾರ್ಕೆಟ್ಟಿನಿಂದ ತಂದ ದ್ರಾಕ್ಷಿಗೆ ಹಸಿರು! ಮಗಳಿಗೆ ಸೌತೆಕಾಯಿ ಕೊಡುವುದನ್ನೇ ನಿಲ್ಲಿಸಿದ್ದೇನೆ. ಶುಗರ್ ನೋಡುವ ಮೆಷಿನ್ನಿನ ಹಾಗೆ ಕೀಟನಾಶಕ ಪತ್ತೆ ಮಾಡುವ ಸೆನ್ಸರ್ ಬಂದಿದೆ ಅಂತಾರೆ, ಅದು ನಿಜವೇ? ಹೊಸದುರ್ಗ ತಾಲ್ಲೂಕಿನಲ್ಲಿ ನನ್ನ ಅಣ್ಣ ದಾಳಿಂಬೆ ಬೆಳೆಯುತ್ತಾನೆ. ರಫ್ತು ವ್ಯಾಪಾರಿಯೊಬ್ಬರು ಔಷಧಿ ಶೇಷದ ರಿಪೋರ್ಟ್ ಕೇಳಿದ್ದಾರೆ. ಇಂಥ ಸೆನ್ಸರ್ ಕೊಂಡರೆ ಅವನಿಗೆ ಉಪಯೋಗವಾಗುತ್ತದಾ? ಮತ್ತೆ ತೊಳೆಯಲು ಉಪ್ಪು ನೀರು, ಅರಿಶಿನ ನೀರು, ಸೋಡಾ, ಇವುಗಳಲ್ಲಿ ಯಾವುದು ಸರಿ?

ಉತ್ತರ: ಮೊದಲು ಮಗಳ ಮಾತು. ತಾರಸಿಯ ಸೌತೆಕಾಯಿಯನ್ನು ಅವಳಿಗೆ ಧೈರ್ಯವಾಗಿ ಕೊಡಿ. ನೀವು ಔಷಧಿ ಹೊಡೆದಿಲ್ಲ ಅಂದಮೇಲೆ ಆ ಕೆಂಪು ದೀಪಕ್ಕೂ ಕೀಟನಾಶಕಕ್ಕೂ ಸಂಬಂಧವಿಲ್ಲ. ನಿಮ್ಮ ಪ್ರಶ್ನೆ ಓದಿದಾಗ ನನಗೆ ದಿಗಿಲಾಗಿದ್ದು ದ್ರಾಕ್ಷಿಯ ಹಸಿರು ದೀಪಕ್ಕೆ. ಕೆಂಪು ಬಂದರೆ ಒಂದು ಕಾಯಿ ಕಸದ ಬುಟ್ಟಿಗೆ ಹೋಗುತ್ತದೆ. ಹಸಿರು ಬಂದರೆ ತೊಳೆಯುವುದನ್ನೂ ಬಿಟ್ಟು ಮಗುವಿನ ಕೈಗೆ ಕೊಡುತ್ತೇವೆ, ಅಲ್ವಾ?

ಆಹಾರದಲ್ಲಿ ಕೀಟನಾಶಕ ಹುಡುಕುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ಗಳೇ, ಅಂದರೆ ರಾಸಾಯನಿಕ ಕ್ರಿಯೆಯಿಂದ ಬರುವ ಕರೆಂಟ್ ಅಳೆಯುವ ಸೆನ್ಸರ್‌ಗಳೇ ನನ್ನ ಕೆಲಸ. ಈ ಪೆನ್ನಿನ ಬಗ್ಗೆ ಕೇಳುವವರು ಜಾಸ್ತಿಯಾದ ಮೇಲೆ ನಾವೂ ಒಂದನ್ನು ತರಿಸಿ ನೋಡಿದೆವು. ಒಂದು ಸೌತೆಕಾಯಿಯನ್ನು ಮೂರು ತುಂಡು ಮಾಡಿದೆವು. ಮೊದಲನೆಯದಕ್ಕೆ ಹಾಗೇ ಚುಚ್ಚಿದೆವು, ಹಳದಿ ಬಂತು. ಎರಡನೆಯದಕ್ಕೆ ಊಟಕ್ಕೆ ಕೂರುವಾಗ ಸವರುವಷ್ಟೇ ಉಪ್ಪು ಸವರಿ, ನೀರು ಬಿಡುವ ತನಕ ಕಾದು ಚುಚ್ಚಿದೆವು. ಕಡುಗೆಂಪು. ಮೂರನೆಯ ತುಂಡಿನ ಸಿಪ್ಪೆಗೆ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕದ ದ್ರಾವಣ ಹಚ್ಚಿ ಒಣಗಿಸಿದೆವು, ಕಾನೂನಿನ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮತ್ತೆ ಅದೇ ಹಳದಿ. ಮೊದಲ ತುಂಡಿಗೆ ಬಂದ ಅಂಕಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಕಾರಣ ಸರಳ. ಆ ಸೂಜಿ ಅಳೆಯುವುದು ಕಾಯಿಯ ರಸದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಬೋರ್‌ವೆಲ್ ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ನೋಡಲು ಫಿಲ್ಟರ್ ರಿಪೇರಿಯವರು ಟಿಡಿಎಸ್ ಮೀಟರ್ ಅದ್ದುತ್ತಾರಲ್ಲ, ಅದೇ ಕೆಲಸ. ಗೊಬ್ಬರ ಉಂಡು ಚೆನ್ನಾಗಿ ಬೆಳೆದ ಸೌತೆಕಾಯಿಯ ರಸದಲ್ಲಿ ಪೊಟ್ಯಾಶಿಯಂ, ನೈಟ್ರೇಟ್ ಎಲ್ಲ ಇರುತ್ತವೆ. ಅವು ಕರೆಂಟ್ ಹರಿಸುತ್ತವೆ, ಅಂಕಿ ಏರುತ್ತದೆ. ನೈಟ್ರೇಟ್ ಎಷ್ಟಿದೆ ಅಂತ ಒಂದು ಅಂದಾಜು ಕೊಡಲು ಇಂಥ ಸಾಧನಗಳು ಹುಟ್ಟಿದವು. ಮಾರುವವರು ಅದಕ್ಕೆ ಕೀಟನಾಶಕದ ಹೆಸರು ಅಂಟಿಸಿದರು. ಕೀಟನಾಶಕಗಳಲ್ಲಿ ಬಹಳಷ್ಟು ನೀರಿನಲ್ಲಿ ವಿದ್ಯುತ್ ಹರಿಸುವ ಕಣಗಳಾಗಿ ಒಡೆಯುವುದೇ ಇಲ್ಲ. ಒಡೆದರೂ ಆ ಚೂರು ಪ್ರಮಾಣ ಕಾಯಿಯ ಸ್ವಂತ ಲವಣಗಳ ನಡುವೆ ಕಾಣುವುದಿಲ್ಲ.

ಎಷ್ಟು ಚೂರು ಅಂತ ಹೇಳುತ್ತೇನೆ. ಯಾವುದೇ ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ಗೊತ್ತು ಮಾಡದೆ ಇದ್ದಾಗ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಸಾಮಾನ್ಯವಾಗಿ ಒಂದು ಕೆಜಿಗೆ 0.01 ಮಿಲಿಗ್ರಾಂ ಅನ್ನುವ ಮಿತಿ ಹಿಡಿಯುತ್ತದೆ. ಚಳ್ಳಕೆರೆ ಕಡೆಯಿಂದ ಈರುಳ್ಳಿ ತುಂಬಿದ ಹತ್ತು ಲಾರಿ ಸಾಲಾಗಿ ನಿಂತಿವೆ ಅಂದುಕೊಳ್ಳಿ, ಒಂದೊಂದರಲ್ಲೂ ಹತ್ತು ಟನ್. ಆ ಹತ್ತೂ ಲಾರಿಯ ಈರುಳ್ಳಿಯಲ್ಲಿ ಹರಡಿಕೊಂಡ ಒಂದೇ ಒಂದು ಗ್ರಾಂ ಔಷಧಿ, ಅದೇ 0.01. ಅದನ್ನು ಹುಡುಕುವ ಕೆಲಸ ಇದು. ಹತ್ತು ಸೆಕೆಂಡಿನಲ್ಲಿ ಸೂಜಿಯಿಂದ ಆಗುವಂಥದ್ದಲ್ಲ.

ಈಗ ನಿಮ್ಮ ಶುಗರ್ ಮೆಷಿನ್ ಪ್ರಶ್ನೆಗೆ ಬರೋಣ. ಹೌದು, ಅಂಥ ಸೆನ್ಸರ್ ನಿಜವಾಗಿಯೂ ಇದೆ, ಎರಡಕ್ಕೂ ಬೇರು ಒಂದೇ. ಕಿಣ್ವವೊಂದನ್ನು (ಎನ್‌ಜೈಮ್) ಎಲೆಕ್ಟ್ರೋಡ್ ಮೇಲೆ ಕೂರಿಸಿ ಸಕ್ಕರೆ ಅಳೆಯುವ ದಾರಿಯನ್ನು ಅಮೆರಿಕದ ಲೆಲಂಡ್ ಕ್ಲಾರ್ಕ್ 1962ರಲ್ಲಿ ತೋರಿಸಿದರು. ಪೆನ್ನಿನ ಗಾತ್ರದ ಮೀಟರ್ ಜನರ ಕೈಗೆ ಬಂದಿದ್ದು 1987ರಲ್ಲಿ, ಅಂದರೆ 25 ವರ್ಷ ಹಿಡಿಯಿತು. ರಕ್ತದ ಸಕ್ಕರೆ ಅಳೆಯುವುದು ಈ ಕ್ಷೇತ್ರದಲ್ಲೇ ಸುಲಭದ ಕೆಲಸ. ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಸಕ್ಕರೆ, ಅಂದರೆ ಲೀಟರಿಗೆ ಒಂದು ಗ್ರಾಂ. ನಾವು ತರಕಾರಿಯಲ್ಲಿ ಹುಡುಕುತ್ತಿರುವುದು ಅದರ ಒಂದು ಲಕ್ಷದಲ್ಲಿ ಒಂದು ಪಾಲು. ರಕ್ತದಲ್ಲಿ ಹುಡುಕುವ ವಸ್ತು ಒಂದೇ, ಗ್ಲೂಕೋಸ್. ತರಕಾರಿಯಲ್ಲಿ ನೂರಾರು ಔಷಧಿಗಳಲ್ಲಿ ಯಾವುದು ಬೇಕಾದರೂ ಇರಬಹುದು. ಶುಗರ್ ಮೀಟರ್‌ಗೆ ರಕ್ತದ ಹನಿ ತಾನಾಗಿಯೇ ಬರುತ್ತದೆ. ಇಲ್ಲಿ ಸಿಪ್ಪೆಯ ಮೇಣದಲ್ಲಿ ಅಂಟಿಕೊಂಡಿದ್ದನ್ನು ನಾವು ಬಿಡಿಸಿ ತರಬೇಕು.

ಕೀಟನಾಶಕ ಹುಡುಕುವ ಈ ಸೆನ್ಸರ್ ಪಟ್ಟಿ (ಸ್ಟ್ರಿಪ್) ನೋಡಲು ಅರ್ಧ ಬೆರಳುದ್ದ ಇರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಗಾಲದ ಶಾಯಿಯಲ್ಲಿ ಮುದ್ರಿಸಿದ ಒಂದು ಕಪ್ಪು ಚುಕ್ಕಿ, ಅದರ ಸುತ್ತ ಬಳೆ ಚೂರಿನಂಥ ಇನ್ನೊಂದು ಗೆರೆ, ಪಕ್ಕದಲ್ಲಿ ಬೆಳ್ಳಿ ಬಣ್ಣದ ಸಣ್ಣ ತುಣುಕು. ಕೆಲಸವೆಲ್ಲ ನಡೆಯುವುದು ಆ ಕಪ್ಪು ಚುಕ್ಕಿಯ ಮೇಲೆ. ಅಲ್ಲಿ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವವನ್ನು ಕೂರಿಸಿರುತ್ತೇವೆ. ನಮ್ಮ ನರಗಳಲ್ಲೂ ಇರುವ ಕಿಣ್ವ ಇದು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸಿದ ರಾಸಾಯನಿಕವನ್ನು ಕೂಡಲೇ ಗುಡಿಸಿ ಜಾಗ ಖಾಲಿ ಮಾಡುವುದು ಅದರ ಕೆಲಸ. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳು ಈ ಕಿಣ್ವದ ಕೈ ಕಟ್ಟಿಹಾಕುತ್ತವೆ. ಹುಳ ಸಾಯುವುದು ಹೀಗೆ. ಮುಖಕ್ಕೆ ಬಟ್ಟೆ ಕಟ್ಟದೆ ಗಾಳಿಗೆ ಎದುರಾಗಿ ಔಷಧಿ ಹೊಡೆದ ಕೂಲಿಯವರಿಗೆ ಬಾಯಲ್ಲಿ ಜೊಲ್ಲು ಸುರಿದು, ಕಣ್ಣ ಪಾಪೆ ಚಿಕ್ಕದಾಗಿ, ಮೈ ಅದುರುವುದೂ ಹೀಗೆಯೇ. ಅಂಥವರನ್ನು ಆಸ್ಪತ್ರೆಗೆ ತಂದಾಗ ರಕ್ತದಲ್ಲಿ ನೋಡುವುದು ಇದೇ ಗುಂಪಿನ ಕಿಣ್ವದ ಮಟ್ಟವನ್ನು.

ಪಟ್ಟಿಯ ಮೇಲೆ ಇದನ್ನೇ ಲೆಕ್ಕಕ್ಕೆ ತರುತ್ತೇವೆ. ಕಿಣ್ವಕ್ಕೆ ಅಸಿಟೈಲ್‌ಥಯೋಕೋಲಿನ್ ಎಂಬ ಮೇವು ಕೊಟ್ಟರೆ ಅದು ಒಡೆದು ಥಯೋಕೋಲಿನ್ ಆಗುತ್ತದೆ. ಥಯೋಕೋಲಿನ್ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಮೀಟರ್‌ನಲ್ಲಿ ಕರೆಂಟ್ ಕಾಣುತ್ತದೆ. ಶುದ್ಧ ದ್ರಾವಣದಲ್ಲಿ 2 ಮೈಕ್ರೋಆಂಪಿಯರ್ ಬಂತು ಅಂದುಕೊಳ್ಳಿ. ಈಗ ತರಕಾರಿಯ ಸಾರವನ್ನು ಚುಕ್ಕಿಯ ಮೇಲೆ ಹತ್ತು ನಿಮಿಷ ನಿಲ್ಲಿಸಿ, ತೊಳೆದು, ಮತ್ತೆ ಮೇವು ಕೊಡಿ. ಕರೆಂಟ್ 1.2ಕ್ಕೆ ಇಳಿದರೆ ಕಿಣ್ವದ ಶೇ. 40ರಷ್ಟು ಕೈ ಕಟ್ಟಿದೆ ಅಂತ ಅರ್ಥ. ಶುಗರ್ ಮೀಟರ್‌ನಲ್ಲಿ ಸಕ್ಕರೆ ಜಾಸ್ತಿಯಾದರೆ ಕರೆಂಟ್ ಏರುತ್ತದೆ. ಇಲ್ಲಿ ಉಲ್ಟಾ, ವಿಷ ಜಾಸ್ತಿಯಾದರೆ ಕರೆಂಟ್ ಇಳಿಯುತ್ತದೆ.

ಈ ಉಲ್ಟಾ ಲೆಕ್ಕದಲ್ಲೇ ತೊಂದರೆ ಇರುವುದು. ಕರೆಂಟ್ ಇಳಿಯಲು ಕೀಟನಾಶಕವೇ ಬೇಕು ಅಂತಿಲ್ಲ. ಕಿಣ್ವಕ್ಕೆ ಬೇರೆ ಯಾವುದರಿಂದ ಸುಸ್ತಾದರೂ ಇಳಿಯುತ್ತದೆ. ಒಂದು ಏಪ್ರಿಲ್‌ನಲ್ಲಿ ನಾನು ಹೊರಗಿನಿಂದ ಪಟ್ಟಿಗಳನ್ನು ತರಿಸಿದೆ. ಡಬ್ಬದ ಮೇಲೆ 4 ಡಿಗ್ರಿಯಲ್ಲಿ ಇಡಿ ಅಂತ ಬರೆದಿತ್ತು. ಕೊರಿಯರ್‌ನವರು ಎರಡು ದಿನ ಬಿಸಿಲಿನ ಗೋಡೌನಿನಲ್ಲಿ ಇಟ್ಟು ಕೊಟ್ಟರು. ಡಬ್ಬ ಮುಟ್ಟಿದರೆ ಬೆಚ್ಚಗಿತ್ತು. ಮೊದಲ ಪಟ್ಟಿಯನ್ನು ಬರೀ ಶುದ್ಧ ದ್ರಾವಣದಲ್ಲಿ ಇಟ್ಟು ನೋಡಿದರೂ ಮೀಟರ್ ‘ವಿಷ ಇದೆ’ ಅಂದಿತು. ಇಡೀ ಡಬ್ಬ ಸತ್ತಿತ್ತು. ನಾನು ಶುದ್ಧ ದ್ರಾವಣದಲ್ಲಿ ಮೊದಲು ನೋಡಿದ್ದಕ್ಕೆ ಗೊತ್ತಾಯಿತು. ನೋಡದೆ ಇದ್ದಿದ್ದರೆ ಆ ದಿನ ಬಂದ ಟೊಮ್ಯಾಟೊ, ಬೀನ್ಸ್ ಎಲ್ಲದರ ಮೇಲೂ ಆರೋಪ ಬರುತ್ತಿತ್ತು. ಯಾವುದೋ ರೈತರ ಮಾಲು ಸುಮ್ನೆ ವಾಪಸ್ ಹೋಗುತ್ತಿತ್ತು. ಅವತ್ತಿನಿಂದ ಶುದ್ಧ ದ್ರಾವಣದ ಪರೀಕ್ಷೆ ಮಾಡದೆ ಒಂದು ಸ್ಯಾಂಪಲ್ಲನ್ನೂ ಮುಟ್ಟುವುದಿಲ್ಲ.

ನಮ್ಮ ಜಿಲ್ಲೆಗಳ ಬೆಳೆಗಳೇ ಈ ಪಟ್ಟಿಯನ್ನು ದಾರಿ ತಪ್ಪಿಸುತ್ತವೆ. ಚಿತ್ರದುರ್ಗ ಅಂದರೆ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಕೊತ್ತಂಬರಿ, ಇವುಗಳ ರಸದಲ್ಲಿ ಸಹಜವಾಗಿಯೇ ಈ ಕಿಣ್ವಕ್ಕೆ ಅಡ್ಡಿ ಮಾಡುವ ಅಂಶಗಳಿವೆ. ಔಷಧಿಯೇ ಇಲ್ಲದ ಈರುಳ್ಳಿಯನ್ನು ಅರೆದು ಹಾಕಿದರೂ ‘ಇದೆ’ ಅನ್ನಬಹುದು. ಅದಕ್ಕೇ ಇಂಥವನ್ನು ಕೊಚ್ಚದೆ ಇಡಿಯಾಗಿ ದ್ರಾವಣದಲ್ಲಿ ಅಲ್ಲಾಡಿಸಿ, ಮೇಲ್ಮೈಯ ಸಾರ ಮಾತ್ರ ತೆಗೆಯುತ್ತೇವೆ. ಟೊಮ್ಯಾಟೊದ ಸಿ ವಿಟಮಿನ್ ಇನ್ನೊಂದು ತರಹ. ಅದು ತಾನೇ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಕೊಟ್ಟು ಕರೆಂಟ್ ಏರಿಸುತ್ತದೆ. ಆಗ ಇರುವ ವಿಷವೂ ಮುಚ್ಚಿಹೋಗಬಹುದು. ಎಲೆಕ್ಟ್ರೋಡಿಗೆ ಪ್ರಷ್ಯನ್ ಬ್ಲೂ ಅಥವಾ ಕೋಬಾಲ್ಟ್ ಥಾಲೊಸಯನಿನ್ ಲೇಪಿಸಿದರೆ ಕಡಿಮೆ ವೋಲ್ಟೇಜಿನಲ್ಲೇ ಥಯೋಕೋಲಿನ್ ಕಾಣುತ್ತದೆ. ಆಗ ಈ ಗೊಂದಲ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನು ತಾಮ್ರ. ದಾಳಿಂಬೆಯ ದುಂಡಾಣು ಅಂಗಮಾರಿಗೆ, ಚನ್ನಗಿರಿಯ ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಆ ತಾಮ್ರವೂ ಕಿಣ್ವವನ್ನು ಕುಗ್ಗಿಸುತ್ತದೆ. ಪಟ್ಟಿಗೆ ತಾಮ್ರ ಯಾವುದು, ಕೀಟನಾಶಕ ಯಾವುದು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಅದರ ಕುರುಡು. ಇಮಿಡಾಕ್ಲೋಪ್ರಿಡ್, ಸೈಪರ್‌ಮೆಥ್ರಿನ್, ಕಾರ್ಬೆಂಡಜಿಮ್, ಮ್ಯಾಂಕೊಜೆಬ್, ಇವುಗಳಲ್ಲಿ ಯಾವುದೂ ಆ ಕಿಣ್ವದ ಕೈ ಕಟ್ಟುವ ಜಾತಿಯಲ್ಲ. ನಮ್ಮ ಕಡೆ ಔಷಧಿ ಅಂಗಡಿಯಲ್ಲಿ ಹೋಗಿ ನಿಂತರೆ ಜಾಸ್ತಿ ಮಾರಾಟವಾಗುವ ಡಬ್ಬಗಳಲ್ಲಿ ಇವೂ ಇರುತ್ತವೆ. ಬುಟ್ಟಿ ತುಂಬಾ ಇದ್ದರೂ ಪಟ್ಟಿ ‘ಇಲ್ಲ’ ಅನ್ನುತ್ತದೆ. ಕ್ಲೋರ್‌ಪೈರಿಫಾಸ್ ಮತ್ತು ಮಾಲಾಥಿಯಾನ್ ಆರ್ಗನೊಫಾಸ್ಫೇಟ್‌ಗಳೇ ಆದರೂ ಡಬ್ಬದಲ್ಲಿರುವ ರೂಪದಲ್ಲಿ ಸಪ್ಪೆ. ಅವುಗಳ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಕೂತ ಮೇಲೆ ಉಗ್ರವಾಗುತ್ತವೆ. ಹುಳದ ಮೈಯಲ್ಲಿ, ನಮ್ಮ ಲಿವರ್‌ನಲ್ಲಿ ಆ ಬದಲಾವಣೆ ತಾನಾಗಿ ನಡೆಯುತ್ತದೆ, ಪಟ್ಟಿಯ ಮೇಲೆ ನಡೆಯುವುದಿಲ್ಲ. ಸ್ಯಾಂಪಲ್ಲಿಗೆ ಬ್ರೋಮಿನ್ ನೀರಿನಂಥದ್ದನ್ನು ಹಾಕಿ ನಾವೇ ಬದಲಾಯಿಸಬೇಕು. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ ಅದು.

ಹಾಗಾದರೆ ಈ ಸೆನ್ಸರ್ ಯಾಕೆ ಬೇಕು ಅಂತ ನೀವು ಕೇಳಬಹುದು. ಜರಡಿಯಾಗಿ ಬೇಕು. ತೈವಾನ್ ಮತ್ತು ಚೀನಾದ ಸಗಟು ಮಾರುಕಟ್ಟೆಗಳಲ್ಲಿ ಇದೇ ಕಿಣ್ವದ ಬಣ್ಣ ಬದಲಾಗುವ ಪರೀಕ್ಷೆಯನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದಾರೆ. ಚೀನಾ 2003ರಲ್ಲಿ ಇದಕ್ಕೊಂದು ರಾಷ್ಟ್ರೀಯ ಮಾನದಂಡವನ್ನೇ ಬರೆಯಿತು. ಮಾಲು ಬಂದಾಗ ಪರೀಕ್ಷೆ, ಅನುಮಾನ ಬಂದದ್ದನ್ನು ತಡೆದು ಲ್ಯಾಬಿಗೆ ಕಳಿಸುವುದು. ಕಾನೂನಿನ ತೀರ್ಮಾನ ಲ್ಯಾಬಿನದ್ದು. ಪಟ್ಟಿ ಹೇಳಿದ್ದನ್ನೇ ನಂಬಿ ಯಾರಿಗೂ ದಂಡ ಹಾಕಬಾರದು. ನಮ್ಮ ಎಪಿಎಂಸಿಗಳಲ್ಲಿ ಬೆಳಗಿನ ಜಾವ ತರಕಾರಿ ಇಳಿಸುವ ಕಡೆ ತರಬೇತಿ ಪಡೆದ ಒಬ್ಬರು, ಒಂದು ಫ್ರಿಜ್, ಒಂದು ಮೀಟರ್ ಇದ್ದರೆ ಸಾಕು, ನೂರು ಲಾಟಿನಲ್ಲಿ ಯಾವ ನಾಲ್ಕನ್ನು ಲ್ಯಾಬಿಗೆ ಕಳಿಸಬೇಕು ಅಂತ ಗೊತ್ತಾಗುತ್ತದೆ. ನೂರನ್ನೂ ಕಳಿಸಲು ದುಡ್ಡು ಎಲ್ಲಿಂದ ತರುವುದು? ಈ ಮಾತನ್ನು ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ. ಈ ತಂತ್ರಜ್ಞಾನದ ಸರಿಯಾದ ಜಾಗ ಅದು.

ಸಂಶೋಧನೆ ಮುಂದೆ ಹೋಗುತ್ತಲೇ ಇದೆ. ಕಿಣ್ವವೇ ಇಲ್ಲದ ಸೆನ್ಸರ್‌ಗಳೂ ಇವೆ. ಕಾರ್ಬೆಂಡಜಿಮ್ ತಾನೇ ಎಲೆಕ್ಟ್ರೋಡಿನಲ್ಲಿ ಎಲೆಕ್ಟ್ರಾನ್ ಬಿಡುತ್ತದೆ, ಇಮಿಡಾಕ್ಲೋಪ್ರಿಡ್‌ನಲ್ಲಿರುವ ನೈಟ್ರೋ ಗುಂಪು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಪ್ರತಿಯೊಂದೂ ತನ್ನದೇ ವೋಲ್ಟೇಜಿನಲ್ಲಿ ಕಾಣಿಸಿಕೊಳ್ಳುವುದರಿಂದ ಗುರುತು ಹಿಡಿಯಬಹುದು. ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದವರು ಕೈಗವಸಿನ ತೋರುಬೆರಳು, ನಡುಬೆರಳು, ಉಂಗುರ ಬೆರಳಿಗೆ ಬೇರೆ ಬೇರೆ ಸೆನ್ಸರ್ ಮುದ್ರಿಸಿ, ಹಣ್ಣನ್ನು ಮುಟ್ಟಿಯೇ ಪರೀಕ್ಷಿಸುವ ದಾರಿ ತೋರಿಸಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದೊಂದು ಸೆನ್ಸರ್ ತನಗೆ ಕಲಿಸಿದ ಒಂದೆರಡು ಔಷಧಿಗಳನ್ನು ಮಾತ್ರ ಹುಡುಕುತ್ತದೆ. ಆದ್ದರಿಂದ ‘ಎಲ್ಲ ಕೀಟನಾಶಕ ಪತ್ತೆ’ ಅಂತ ಬರೆದ ಡಬ್ಬ ಕಂಡರೆ ದುಡ್ಡು ಕೊಡಬೇಡಿ. ಹಣ್ಣನ್ನು ಹೆಚ್ಚಿ, ದ್ರಾವಣದಲ್ಲಿ ಕುಲುಕಿ, ಸೋಸಿ, ಆಮೇಲೆ ಪಟ್ಟಿ ಅದ್ದಿ ಅಂತ ಹೇಳುವ ಕಿಟ್ ಸ್ವಲ್ಪವಾದರೂ ಪ್ರಾಮಾಣಿಕ. ಚುಚ್ಚಿದರೆ ಸಾಕು ಅನ್ನುವುದು ಅಲ್ಲ.

ನಿಮ್ಮ ಅಣ್ಣನ ವಿಷಯ. ರಫ್ತಿಗೆ ಲ್ಯಾಬ್ ರಿಪೋರ್ಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಸೆನ್ಸರ್ ಕೊಳ್ಳುವುದು ಬೇಡ. ಅವನ ತೋಟದಲ್ಲಿ ತಲೆನೋವು ಕೊಡುವ ಔಷಧಿಗಳಲ್ಲಿ ಹೆಚ್ಚಿನವು ಪಟ್ಟಿಯ ಕಣ್ಣಿಗೆ ಬೀಳುವುದಿಲ್ಲ, ಬೀಳುವ ತಾಮ್ರ ತಪ್ಪು ಉತ್ತರ ಕೊಡಿಸುತ್ತದೆ. ಲ್ಯಾಬಿನಲ್ಲಿ ಒಂದೆರಡು ಕೆಜಿ ಹಣ್ಣನ್ನು ಪೂರ್ತಿ ಅರೆದು, ಅದರಲ್ಲಿ 10 ಗ್ರಾಂ ತೆಗೆದು, ಅಸಿಟೋನೈಟ್ರೈಲ್ ಎಂಬ ದ್ರಾವಕ ಮತ್ತು ಲವಣ ಹಾಕಿ ಕುಲುಕಿ ಸಾರ ತೆಗೆಯುತ್ತಾರೆ. 2003ರಲ್ಲಿ ಬಂದ ಈ ವಿಧಾನಕ್ಕೆ ಕ್ವೆಚರ್ಸ್ ಅಂತ ಹೆಸರು. ಆ ಸಾರವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ, ಅಂದರೆ ಅಣುಗಳನ್ನು ತೂಕದ ಮೇಲೆ ಗುರುತು ಹಿಡಿಯುವ ಯಂತ್ರಕ್ಕೆ ಹಾಕಿದರೆ ನೂರಾರು ಔಷಧಿಗಳ ಹೆಸರೂ ಪ್ರಮಾಣವೂ ಒಟ್ಟಿಗೆ ಬರುತ್ತವೆ. ಒಂದು ಸ್ಯಾಂಪಲ್ಲಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮಾನ್ಯತೆ ಇದೆಯೇ, ಆ ಮಾನ್ಯತೆ ದಾಳಿಂಬೆಗೂ ಅವನು ಹೊಡೆದ ಔಷಧಿಗಳಿಗೂ ಅನ್ವಯವಾಗುತ್ತದೆಯೇ ಅಂತ ಮೊದಲೇ ಕೇಳಲಿ. ಯುರೋಪಿಗಾದರೆ, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೆಡಾದ ಅನಾರ್‌ನೆಟ್ ಅನ್ನುವ ದಾಳಿಂಬೆ ನೋಂದಣಿ ವ್ಯವಸ್ಥೆಯಲ್ಲಿ ತೋಟ ನೋಂದಾಯಿಸಬೇಕು. ಸ್ಯಾಂಪಲ್ ತೆಗೆಯುವುದು ಸಾಮಾನ್ಯವಾಗಿ ಲ್ಯಾಬಿನವರೇ. ತಾನೇ ಚೆಂದದ ಹಣ್ಣು ಆರಿಸಿ ಕೊಟ್ಟು ತಂದ ರಿಪೋರ್ಟನ್ನು ವ್ಯಾಪಾರಿ ಒಪ್ಪಲಿಕ್ಕಿಲ್ಲ.

ಯಾವ ದೇಶಕ್ಕೆ ಹೋಗುತ್ತದೆ ಅನ್ನುವುದನ್ನು ಹೂ ಬಿಡುವ ಮೊದಲೇ ವ್ಯಾಪಾರಿಯಿಂದ ತಿಳಿದುಕೊಳ್ಳುವುದು ಬಹಳ ಮುಖ್ಯ. ಕಾಂಡ ಕೊರಕಕ್ಕೆ ಬುಡಕ್ಕೆ ಕ್ಲೋರ್‌ಪೈರಿಫಾಸ್ ಸುರಿಯುವ ರೂಢಿ ನಮ್ಮ ತೋಟಗಳಲ್ಲಿ ಇದೆ. ಯುರೋಪಿನ ಒಕ್ಕೂಟ 2020ರಲ್ಲಿ ಅದರ ಅನುಮತಿ ತೆಗೆದು, ಮಿತಿಯನ್ನು 0.01ಕ್ಕೆ ಇಳಿಸಿತು. ಇಲ್ಲಿ ರೂಢಿಯಲ್ಲಿರುವ ಕೆಲಸ ಅಲ್ಲಿ ಕಂಟೇನರ್ ವಾಪಸ್ ಬರುವಂತೆ ಮಾಡಬಹುದು.

ಹಿರಿಯೂರು ಕಡೆಯ ಒಬ್ಬ ರೈತರು ಒಮ್ಮೆ ರಿಪೋರ್ಟ್ ಹಿಡಿದು ನನ್ನ ಹತ್ತಿರ ಬಂದಿದ್ದರು. ಅವರು ದಾಳಿಂಬೆಗೆ ಯಾವತ್ತೂ ಹೊಡೆಯದ ಒಂದು ಔಷಧಿ ಅದರಲ್ಲಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ‘ನಾನು ಸುಳ್ಳು ಹೇಳ್ತಿಲ್ಲ ಸರ್’ ಅಂದರು. ಕೂತು ಒಂದೊಂದೇ ಕೇಳುತ್ತಾ ಹೋದೆ. ಬೆನ್ನಿಗೆ ಹಾಕುವ ಸ್ಪ್ರೇಯರ್ ಒಂದೇ ಇತ್ತು. ಹಿಂದಿನ ವಾರ ಅದನ್ನು ಪಕ್ಕದ ಮೆಣಸಿನ ಗಿಡದವರು ಎರವಲು ಒಯ್ದಿದ್ದರು. ಕೊಡುವಾಗ ಒಂದು ಸಲ ನೀರು ಹಾಕಿ ಕುಲುಕಿ ಕೊಟ್ಟಿದ್ದರು. ಹತ್ತು ಲಾರಿಗೆ ಒಂದು ಗ್ರಾಂ ಅನ್ನುವ ಲೆಕ್ಕದಲ್ಲಿ, ಟ್ಯಾಂಕಿನ ತಳದಲ್ಲಿ, ಪೈಪಿನಲ್ಲಿ ಉಳಿದ ಒಂದು ಗುಟುಕು ಸಾಕು. ಆದ್ದರಿಂದ ನಿಮ್ಮ ಅಣ್ಣ ದಾಳಿಂಬೆಗೆ ಅಂತ ಬೇರೆ ಟ್ಯಾಂಕ್ ಇಟ್ಟುಕೊಳ್ಳಲಿ, ಅದನ್ನು ಯಾರಿಗೂ ಕೊಡಬಾರದು. ಯಾವ ದಿನ, ಯಾವ ಔಷಧಿ, ಎಷ್ಟು, ಯಾವ ಸಾಲಿಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕೊಯ್ಲಿಗೆ ಎಷ್ಟು ದಿನ ಮೊದಲು ಸಿಂಪಡಣೆ ನಿಲ್ಲಿಸಬೇಕು ಅಂತ ಲೇಬಲ್ ಮೇಲೆ ಬರೆದಿರುತ್ತದೆ. ಅಂಗಡಿಯವರ ಬಾಯಿ ಮಾತಿನ ಮೇಲೆ ಹೋಗಬಾರದು. ಅಕ್ಷರ ಸಣ್ಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಲಿ. ದಾಳಿಂಬೆ ಹೆಸರೇ ಲೇಬಲ್‌ನಲ್ಲಿ ಇಲ್ಲದಿದ್ದರೆ ಅದನ್ನು ಹೊಡೆಯುವುದೇ ಬೇಡ. ಸಂಶಯ ಬಂದರೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಅವನಿಗೆ ದೂರವೇನಲ್ಲ.

ಇನ್ನು ತೊಳೆಯುವ ಪ್ರಶ್ನೆ. ನಮ್ಮ ರೈತರು ‘ಎಣ್ಣೆ ಹೊಡೆದ್ವಿ’ ಅಂತಾರೆ ನೋಡಿ, ಆ ಮಾತಿನಲ್ಲೇ ಅರ್ಧ ಉತ್ತರ ಇದೆ. ಎಷ್ಟೋ ಕೀಟನಾಶಕಗಳು ಎಣ್ಣೆಯಂಥ ದ್ರಾವಕದಲ್ಲಿ ಬರುತ್ತವೆ, ಸಿಪ್ಪೆಯ ಮೇಣಕ್ಕೆ ಅಂಟಿಕೊಳ್ಳುತ್ತವೆ. ಸುಮ್ನೆ ನೀರಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ. ಹರಿಯುವ ನಲ್ಲಿಯ ಕೆಳಗೆ ಕೈಯಿಂದ ಉಜ್ಜಿ ತೊಳೆದರೆ ಮೇಲಿನದ್ದು ಸಾಕಷ್ಟು ಹೋಗುತ್ತದೆ. ಉಪ್ಪು ನೀರಿನಿಂದ ಸ್ವಲ್ಪ ಉಪಯೋಗ ಇದೆ. ಅರಿಶಿನಕ್ಕೆ ಕೀಟನಾಶಕ ಬಿಡಿಸುವ ಗುಣ ಇಲ್ಲ, ಅದನ್ನು ಸಾರಿಗೇ ಹಾಕಿ. ಅಡುಗೆ ಸೋಡಾಕ್ಕೆ ಗಟ್ಟಿ ಆಧಾರ ಇದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧಿ ಹಚ್ಚಿ ನೋಡಿದರು. ಲೀಟರ್ ನೀರಿಗೆ 10 ಗ್ರಾಂ ಸೋಡಾ ಹಾಕಿ 12ರಿಂದ 15 ನಿಮಿಷ ನೆನೆಸಿದಾಗ ಮೇಲ್ಮೈಯಲ್ಲಿದ್ದದ್ದು ಹೋಯಿತು. ಅದೇ ಪ್ರಯೋಗದಲ್ಲಿ, ಒಂದು ಔಷಧಿಯ ಶೇ. 20ರಷ್ಟು ಅಷ್ಟರಲ್ಲಾಗಲೇ ಸಿಪ್ಪೆ ದಾಟಿ ಒಳಗೆ ಇಳಿದಿತ್ತು. ಅದನ್ನು ಯಾವ ನೀರೂ ತೆಗೆಯಲಿಲ್ಲ. ಇಮಿಡಾಕ್ಲೋಪ್ರಿಡ್‌ನಂಥವು ಬೇರಿನಿಂದಲೇ ಗಿಡದೊಳಗೆ ಸೇರುತ್ತವೆ, ಅವಕ್ಕೂ ತೊಳೆಯುವುದು ಮದ್ದಲ್ಲ. ಸೋಪು, ಬ್ಲೀಚಿಂಗ್ ಪುಡಿ ಮಾತ್ರ ಬೇಡವೇ ಬೇಡ.

ನಿಮ್ಮ ಅಡುಗೆಮನೆಗೆ ಹೀಗೆ ಮಾಡಿ. ಮಾರ್ಕೆಟ್ಟಿನ ಸೌತೆಕಾಯಿ, ಸೇಬನ್ನು ತೊಳೆದ ಮೇಲೆ ಸಿಪ್ಪೆ ತೆಗೆದು ಮಗಳಿಗೆ ಕೊಡಿ. ಎಲೆಕೋಸಿನ ಹೊರಗಿನ ಎರಡು ಮೂರು ಎಲೆ ಬಿಸಾಡಿ. ದ್ರಾಕ್ಷಿಯನ್ನು ಗೊಂಚಲಿನಿಂದ ಬಿಡಿಸಿ ಸೋಡಾ ನೀರಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ನಲ್ಲಿಯ ಕೆಳಗೆ ಜಾಲಿಸಿ. ಅದರ ಮೇಲಿನ ಬಿಳಿ ಪುಡಿ ಎಲ್ಲಾ ಸಲವೂ ಔಷಧಿಯಲ್ಲ, ಹಣ್ಣಿನ ಸ್ವಂತ ಮೇಣವೂ ಹಾಗೇ ಕಾಣುತ್ತದೆ. ಕರಿಬೇವು, ಕೊತ್ತಂಬರಿ, ಸೊಪ್ಪನ್ನು ದೊಡ್ಡ ಪಾತ್ರೆಯಲ್ಲಿ ಮೂರು ಸಲ ನೀರು ಬದಲಿಸಿ ತೊಳೆಯಿರಿ. ಮಿರ್ಚಿ ಮಾಡುವಾಗ ಮೆಣಸಿನಕಾಯಿಯನ್ನು ಸೀಳುವ ಮೊದಲೇ ಉಜ್ಜಿ ತೊಳೆಯಿರಿ, ಸೀಳಿದ ಮೇಲೆ ತೊಳೆದರೆ ಮೇಲಿದ್ದದ್ದು ಒಳಗೆ ಹೋಗುತ್ತದೆ. ಥ್ರಿಪ್ಸ್ ನುಸಿಗೆ ಅಂತ ಮೆಣಸಿನ ಗಿಡಕ್ಕೆ ಮೇಲಿಂದ ಮೇಲೆ ಹೊಡೆಯುತ್ತಾರೆ, ಅದಕ್ಕೆ ಈ ಮಾತು. ಹುಳ ಕೊರೆದ ಬದನೆಕಾಯಿ ನೋಡಿ ‘ಇದಕ್ಕೆ ಔಷಧಿ ಬಿದ್ದಿಲ್ಲ’ ಅಂತ ಆರಿಸುವವರಿದ್ದಾರೆ. ಹುಳ ಕಂಡ ಮರುದಿನವೇ ಔಷಧಿ ಹೊಡೆದಿರಬಹುದು. ಅದು ಗುರುತಲ್ಲ.

0.01 ಅಂತ ಓದಿದಾಗ ಅದನ್ನು ದಾಟಿದ ತಕ್ಷಣ ವಿಷವೇರುತ್ತದೆ ಅಂತ ತಿಳಿಯಬೇಡಿ. ಆ ಮಿತಿ ಮುಖ್ಯವಾಗಿ ರೈತರು ಔಷಧಿಯನ್ನು ಸರಿಯಾಗಿ ಬಳಸಿದ್ದಾರೋ ಇಲ್ಲವೋ ನೋಡಲು ಇಟ್ಟದ್ದು, ಮೈಗೆ ತೊಂದರೆ ಕೊಡುವ ಪ್ರಮಾಣದಿಂದ ಸಾಮಾನ್ಯವಾಗಿ ಬಹಳ ಕೆಳಗೆ ಇರುತ್ತದೆ. ದಿನಾ, ವರ್ಷಗಟ್ಟಲೆ ಮಿತಿ ಮೀರಿದ್ದನ್ನು ತಿನ್ನುವುದು ಚಿಂತೆಯ ವಿಷಯ, ಮಕ್ಕಳಿಗಂತೂ ಇನ್ನೂ ಜಾಸ್ತಿ. ಆದರೆ ಹೆದರಿ ತರಕಾರಿ, ಹಣ್ಣು ನಿಲ್ಲಿಸಿದರೆ ಎರಡು ವರ್ಷದ ಮಗುವಿಗೆ ಆಗುವ ನಷ್ಟ ಖಂಡಿತವಾದದ್ದು. ಒಂದೇ ತರಕಾರಿಯನ್ನು ದಿನಾ ಕೊಡದೆ ಬದಲಿಸುತ್ತಾ ಇರಿ, ಒಂದೇ ಅಂಗಡಿಗೂ ಅಂಟಿಕೊಳ್ಳಬೇಡಿ.

ಯಾವುದಾದರೂ ಮಾಲಿನ ಮೇಲೆ ನಿಜವಾಗಿ ಅನುಮಾನ ಬಂದರೆ ನಿಮಗೆ ಕಾನೂನಿನ ದಾರಿಯೂ ಇದೆ. ಆಹಾರ ಸುರಕ್ಷತೆ ಕಾಯ್ದೆ 2006ರ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರಿ ಫುಡ್ ಅನಲಿಸ್ಟ್‌ರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೆ ಇದೆ. ಕೊಳ್ಳುವಾಗಲೇ ಮಾರುವವರಿಗೆ ಹಾಗಂತ ತಿಳಿಸಬೇಕು. ಮಾಲು ಕೆಟ್ಟದ್ದು ಅಂತ ಸಾಬೀತಾದರೆ ಶುಲ್ಕ ವಾಪಸ್ ಬರುತ್ತದೆ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಬೀದಿಯ ನಾಲ್ಕಾರು ಮನೆಯವರು ಸೇರಿ ಒಂದೇ ಅರ್ಜಿ ಕೊಟ್ಟರೆ ಖರ್ಚೂ ಹಂಚಿಹೋಗುತ್ತದೆ.

ಆ ಪೆನ್ ವಾಪಸ್ ಮಾಡಲು ದಿನ ಉಳಿದಿದ್ದರೆ ಮಾಡಿ, ಕಾರಣ ಕೇಳುವ ಜಾಗದಲ್ಲಿ ‘ಔಷಧಿ ಕಾಣದ ಸೌತೆಕಾಯಿಗೆ ಕೆಂಪು ತೋರಿಸಿತು’ ಅಂತ ಕನ್ನಡದಲ್ಲೇ ಬರೆಯಿರಿ, ಮುಂದೆ ಕೊಳ್ಳುವವರು ಓದಲಿ. ದಿನ ಮುಗಿದಿದ್ದರೆ ಬೋರ್ ನೀರಿನ ಟಿಡಿಎಸ್ ನೋಡಲು ಇಟ್ಟುಕೊಳ್ಳಿ. ತಾರಸಿಯ ಬಳ್ಳಿಯಲ್ಲಿ ಇನ್ನೂ ಎಳೆ ಕಾಯಿ ಇದ್ದರೆ ಸಿಪ್ಪೆ ಸಮೇತ ಕೊಡಿ, ಆ ವಯಸ್ಸಿನ ಮಕ್ಕಳಿಗೆ ಉದ್ದುದ್ದ ತೆಳ್ಳಗೆ ಹೆಚ್ಚಿ ಪಕ್ಕದಲ್ಲೇ ಕೂತು ತಿನ್ನಿಸಿ.